ಲ್ಯಾಪ್‌ಟಾಪ್ ಕಳಿಸಿದ ಮಿಡಿ ಸಂದೇಶ ಗಿಟಾರ್ ಆಂಪ್‌ಗೆ ಮುಟ್ಟದಿದ್ದಾಗ: ಒಂದು ರಿಪೇರಿ ಟಿಪ್ಪಣಿ

ಕೆಲಸ ಮುಗಿದಿದೆ. ಲ್ಯಾಪ್‌ಟಾಪ್‌ನ ರೀಪರ್ ಅನ್ನೋ ಸಂಗೀತ ತಂತ್ರಾಂಶದಲ್ಲಿ ಹಾಡು ಓಡುತ್ತಿದ್ದಂತೆ ಆಂಪ್ ತಾನಾಗಿ ಕ್ಲೀನ್ ಚಾನೆಲ್‌ನಿಂದ (ಸ್ವಚ್ಛ ದನಿ) ಲೀಡ್ ಚಾನೆಲ್‌ಗೆ (ಸೋಲೊಗೆ ಬೇಕಾದ ಗಡಸು ದನಿ) ಹೋಗುತ್ತದೆ, ಪಲ್ಲವಿ ಬಂದಾಗ ವಾಪಸ್ ಕ್ಲೀನ್‌ಗೆ ಬರುತ್ತದೆ. ಆದೇಶ ಹೋಗುವುದು ಮಿಡಿಯಲ್ಲಿ, ಅಂದರೆ ವಾದ್ಯಗಳು, ಕಂಪ್ಯೂಟರ್‌ಗಳು ಒಂದಕ್ಕೊಂದು ಸಂದೇಶ ಕಳಿಸುವ ಪದ್ಧತಿಯಲ್ಲಿ. ಬಿಡಿಭಾಗಗಳಿಗೆ ಆದ ಖರ್ಚು ಇನ್ನೂರು ರೂಪಾಯಿ ಒಳಗೆ. ಆದರೆ ನಡುವೆ ರಿಪೇರಿಯವರೊಬ್ಬರು "ಆಂಪ್‌ನ ಮಿಡಿ ಬೋರ್ಡೇ ಹೋಗಿದೆ, ಬದಲಿಸಬೇಕು, ಎಂಟು ಸಾವಿರ ಆಗುತ್ತೆ" ಅಂದಿದ್ದರು. ಬೋರ್ಡ್‌ಗೆ ಏನೂ ಆಗಿರಲಿಲ್ಲ. ಇದೇ ತೊಂದರೆಯಲ್ಲಿ ಇರುವವರು ಆಂಪ್ ಬಿಚ್ಚಿಸುವ ಮೊದಲು ಓದಿಕೊಳ್ಳಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಸಾಮಾನು ಇಷ್ಟು. 50 ವ್ಯಾಟ್‌ನ ವಾಲ್ವ್ ಹೆಡ್ (ಸ್ಪೀಕರ್ ಬೇರೆ ಇರುವ ಆಂಪ್), ಅದರ ಹಿಂಬದಿಯಲ್ಲಿ ಐದು ಪಿನ್ನಿನ ಎರಡು ಮಿಡಿ ಸಾಕೆಟ್: ಒಂದು ಇನ್, ಇನ್ನೊಂದು ಥ್ರೂ (ಇನ್‌ಗೆ ಬಂದದ್ದನ್ನು ಹಾಗೇ ಮುಂದಕ್ಕೆ ಕಳಿಸುವುದು). ಉಬುಂಟು ಲಿನಕ್ಸ್ ಹಾಕಿರುವ ಹಳೇ ಲ್ಯಾಪ್‌ಟಾಪ್. ಇವೆರಡರ ನಡುವೆ ಆನ್‌ಲೈನ್‌ನಲ್ಲಿ 450 ರೂಪಾಯಿಗೆ ತರಿಸಿದ ಯುಎಸ್‌ಬಿ-ಮಿಡಿ ಕೇಬಲ್. ಅದರ ಒಂದು ತುದಿಯಲ್ಲಿ ಯುಎಸ್‌ಬಿ, ಮಧ್ಯೆ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಇನ್ನೊಂದು ತುದಿಯಲ್ಲಿ ಇನ್ ಮತ್ತು ಔಟ್ ಅಂತ ಬರೆದ ಎರಡು ಪ್ಲಗ್.

ನಮ್ಮ ತಂಡದಲ್ಲಿ ತಂತಿವಾದ್ಯ, ತಾಳವಾದ್ಯದ ಕೆಲವು ಭಾಗಗಳು ಲ್ಯಾಪ್‌ಟಾಪ್‌ನಿಂದಲೇ ಬರುತ್ತವೆ. ಲೀಡ್ ಶುರುವಾಗುವ ಹೊತ್ತಿಗೆ ನನ್ನ ಕಾಲು ವಾ ಪೆಡಲ್ ಮೇಲಿರುತ್ತದೆ. ಫುಟ್‌ಸ್ವಿಚ್ ತುಳಿಯೋಕೆ ಇನ್ನೊಂದು ಕಾಲು ಎಲ್ಲಿಂದ ತರೋದು? ಹೇಗೂ ಹಾಡು ಲ್ಯಾಪ್‌ಟಾಪ್‌ನಲ್ಲೇ ಓಡುತ್ತಿರುವಾಗ ಚಾನೆಲ್ ಬದಲಿಸುವುದನ್ನೂ ಅದಕ್ಕೇ ಒಪ್ಪಿಸೋಣ ಅನ್ನೋದು ಯೋಚನೆ.

ಹಂತ 1: ಲಕ್ಷಣ

ರೀಪರ್‌ನಿಂದ ಪ್ರೋಗ್ರಾಂ ಚೇಂಜ್, ಅಂದರೆ ಆಂಪ್‌ಗೆ ಚಾನೆಲ್ ಬದಲಿಸು ಅನ್ನುವ ಮಿಡಿ ಸಂದೇಶ, ಕಳಿಸಿದೆ. ಆಂಪ್ ಸುಮ್ನೆ ಇತ್ತು. ಅಪರೂಪಕ್ಕೊಮ್ಮೆ ಮಾತ್ರ ಚಾನೆಲ್ ಬದಲಾಗುತ್ತಿತ್ತು. ಪೂರ್ತಿ ಸತ್ತ ಕೇಬಲ್ ಆಗಿದ್ದರೆ ಹುಡುಕೋದು ಸುಲಭ. ಒಮ್ಮೊಮ್ಮೆ ಕೆಲಸ ಮಾಡುವುದೇ ತಲೆನೋವು.

ಆಂಪ್‌ನ ಮುಂಭಾಗದ ಬಟನ್, ಫುಟ್‌ಸ್ವಿಚ್ ಎರಡರಿಂದಲೂ ಚಾನೆಲ್ ಸರಿಯಾಗಿ ಬದಲಾಗುತ್ತಿತ್ತು. ಅಂದರೆ ಚಾನೆಲ್ ತಿರುಗಿಸುವ ಒಳಗಿನ ರಿಲೇಗಳು ಚೆನ್ನಾಗಿವೆ. ಮಿಡಿ ಭಾಗದ ಬಗ್ಗೆ ಇದರಿಂದ ಏನೂ ಗೊತ್ತಾಗುವುದಿಲ್ಲ.

ಪ್ಲಗ್ ಮೇಲಿನ ಹೆಸರನ್ನೂ ನಂಬುವ ಹಾಗಿಲ್ಲ. ಕೆಲವು ಕೇಬಲ್‌ಗಳಲ್ಲಿ ಔಟ್ ಅಂದರೆ ಲ್ಯಾಪ್‌ಟಾಪ್‌ನಿಂದ ಹೊರಗೆ ಬರುವ ದಾರಿ, ಕೆಲವದರಲ್ಲಿ ವಾದ್ಯದ ಔಟ್ ಸಾಕೆಟ್‌ಗೆ ಹಾಕಬೇಕಾದ ಪ್ಲಗ್. ಎರಡನ್ನೂ ಆಂಪ್‌ನ ಇನ್‌ಗೆ ಹಾಕಿ ನೋಡಿದೆ. ಅದಲು ಬದಲು ಮಾಡಿದರೆ ಏನೂ ಸುಡುವುದಿಲ್ಲ, ದಾರಿಯಲ್ಲಿ ಕರೆಂಟನ್ನು ಹಿಡಿದಿಡುವ ರೆಸಿಸ್ಟರ್‌ಗಳಿರುತ್ತವೆ. ನನ್ನದರಲ್ಲಿ ಔಟ್ ಅಂತ ಬರೆದದ್ದೇ ಸರಿಯಾದ ಪ್ಲಗ್.

ಹಂತ 2: ರೀಪರ್ ಪಕ್ಕಕ್ಕಿಟ್ಟು ನೇರವಾಗಿ ಕಳಿಸಿದ್ದು

ರೀಪರ್‌ನಲ್ಲಿ ಮಿಡಿ ಹೊರಗೆ ಹೋಗಬೇಕಾದರೆ ಎರಡು ಕಡೆ ಒಪ್ಪಿಗೆ ಕೊಡಬೇಕು. ಸೆಟ್ಟಿಂಗ್ಸ್‌ನಲ್ಲಿ ಆ ಔಟ್‌ಪುಟ್ ಸಾಧನವನ್ನು ಆನ್ ಮಾಡಬೇಕು, ಟ್ರ್ಯಾಕ್‌ನ ರೂಟಿಂಗ್‌ನಲ್ಲಿ ಹಾರ್ಡ್‌ವೇರ್ ಮಿಡಿ ಔಟ್‌ಪುಟ್ ಆರಿಸಬೇಕು. ಎರಡೂ ಸರಿಯಿತ್ತು. ಆದರೂ ಅನುಮಾನ ಬೇಡ ಅಂತ ಟರ್ಮಿನಲ್‌ನಿಂದಲೇ ಕಳಿಸಿದೆ. ಆಲ್ಸಾ ಯುಟಿಲ್ಸ್ ಪ್ಯಾಕೇಜ್‌ನಲ್ಲಿ ಇದಕ್ಕೆ 'ಎಮಿಡಿ' ಅನ್ನೋ ಕಮಾಂಡ್ ಇದೆ. ಅದರಿಂದ ಪೋರ್ಟ್‌ಗಳ ಪಟ್ಟಿ ನೋಡಬಹುದು, ಬೇಕಾದ ಬೈಟ್‌ಗಳನ್ನು ಕೈಯಾರೆ ಕಳಿಸಬಹುದು. ಮಿಡಿ ಚಾನೆಲ್ 1ರಲ್ಲಿ (ಇದು ಆಂಪ್‌ನ ಕ್ಲೀನ್, ಲೀಡ್ ಚಾನೆಲ್ ಅಲ್ಲ, ಮಿಡಿ ಸಂದೇಶದ ಸಾಲಿನ ಸಂಖ್ಯೆ) ಪ್ರೋಗ್ರಾಂ ಬದಲಿಸಲು ಬೇಕಾದದ್ದು ಎರಡೇ ಬೈಟ್: ಸಿ0 (ಬೈಟ್‌ಗಳನ್ನು ಹೀಗೆ ಹೆಕ್ಸ್‌ನಲ್ಲಿ ಬರೆಯುತ್ತಾರೆ), ಅದರ ಹಿಂದೆ ಪ್ರೋಗ್ರಾಂ ಸಂಖ್ಯೆ.

ರೀಪರ್ ತೆರೆದಿದ್ದಾಗ ಈ ಕಮಾಂಡ್ ಪೋರ್ಟ್ ಬ್ಯುಸಿ ಅಂತ ಹೇಳಿತು. ಮೊದಲು ರೀಪರ್ ಮುಚ್ಚಿ. ಇನ್ನೊಂದು ವಿಷಯ: ನನ್ನ ಕೇಬಲ್‌ಗೆ ಹೊರಹೋಗುವ ಪ್ಲಗ್ ಒಂದೇ ಇದ್ದರೂ ಪಟ್ಟಿಯಲ್ಲಿ ಎರಡು ಔಟ್‌ಪುಟ್ ಪೋರ್ಟ್ ಕಾಣಿಸುತ್ತಿತ್ತು. ಈ ಬಗೆಯ ಅಗ್ಗದ ಕೇಬಲ್‌ಗಳಲ್ಲಿ ಜಾಸ್ತಿ ಕಾಣುವ ಒಂದು ಚಿಪ್‌ನ ಸ್ವಭಾವ ಅದು. ಎರಡು ಪೋರ್ಟ್‌ಗೆ ಕಳಿಸಿದ್ದೂ ಕೊನೆಗೆ ಒಂದೇ ತಂತಿಗೆ ಹೋಗುತ್ತದೆ. ಎರಡನ್ನೂ ಆನ್ ಮಾಡಿಟ್ಟರೆ ಒಂದರ ಸಂದೇಶದ ಮಧ್ಯೆ ಇನ್ನೊಂದರ ಬೈಟ್ ನುಗ್ಗಿ ಎರಡೂ ಕೆಡಬಹುದು. ಹಾಗಾಗಿ ಮೊದಲನೆಯದನ್ನು ಮಾತ್ರ ಆನ್ ಇಟ್ಟುಕೊಂಡೆ.

ನೇರವಾಗಿ ಕಳಿಸಿದರೂ ಆಂಪ್ ಮೊದಲಿನ ಹಾಗೇ. ಅಲ್ಲಿಗೆ ರೀಪರ್ ಮೇಲಿನ ಅನುಮಾನ ಹೋಯಿತು.

ಹಂತ 3: ದಾರಿ ತಪ್ಪಿಸಿದ ಎರಡು ಪರೀಕ್ಷೆ

ಮೊದಲನೆಯದು ಲೂಪ್‌ಬ್ಯಾಕ್. ಕೇಬಲ್‌ನ ಔಟ್ ಪ್ಲಗ್ಗನ್ನು ಅದರದೇ ಇನ್ ಪ್ಲಗ್‌ಗೆ ಸೇರಿಸುವುದು. ಎರಡೂ ಗಂಡು ಪ್ಲಗ್, ಒಂದಕ್ಕೊಂದು ಸಿಗುವುದಿಲ್ಲ. ಎರಡು ಜಂಪರ್ ತಂತಿ ತಗೊಂಡು 4ನೇ ಪಿನ್ನಿಂದ 4ಕ್ಕೆ, 5ರಿಂದ 5ಕ್ಕೆ ಹಾಕಿದೆ. ಅದೇ ಪ್ಯಾಕೇಜ್‌ನ 'ಎ-ಸೆಕ್-ಡಂಪ್' ಕಮಾಂಡ್ ಒಳಗೆ ಬಂದದ್ದನ್ನೆಲ್ಲ ತೆರೆ ಮೇಲೆ ತೋರಿಸುತ್ತದೆ. ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಮಿಡಿ-ಆಕ್ಸ್ ಇದೆ. ಕಳಿಸಿದ್ದೆಲ್ಲ ಒಂದೂ ಬಿಡದೆ ವಾಪಸ್ ಬಂತು.

ಎರಡನೆಯದು ಗೆಳೆಯನ ಕೀಬೋರ್ಡ್. ಅದೇ ಕೇಬಲ್ ಹಾಕಿದಾಗ ಕೀಬೋರ್ಡ್ ತಕ್ಷಣ ನುಡಿಯಿತು.

ಎರಡೂ ಪಾಸ್ ಆದ ಮೇಲೆ ಯಾರಿಗಾದರೂ ಏನನ್ನಿಸುತ್ತದೆ? ಕೇಬಲ್ ಸರಿಯಿದೆ, ಆಂಪ್ ಕೆಟ್ಟಿದೆ ಅಂತ. ರಿಪೇರಿಯವರು ಎಂಟು ಸಾವಿರದ ಮಾತು ಹೇಳಿದ್ದೂ ಇದರ ಮೇಲೆಯೇ. ಅವರು ಆಂಪ್ ಬಿಚ್ಚಿ ನೋಡಿರಲಿಲ್ಲ. ನಾನೂ ಬಿಚ್ಚಲಿಲ್ಲ. ವಾಲ್ವ್ ಆಂಪ್ ಒಳಗೆ 400 ವೋಲ್ಟ್ ಆಸುಪಾಸು ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ನಿಂತಿರುತ್ತದೆ. ಅದನ್ನು ಇಳಿಸುವ ಅಭ್ಯಾಸ ಇಲ್ಲದವರು ಮಿಡಿ ನೋಡಲು ಅಂತ ಹಿಂಬದಿ ತೆಗೆಯಲೇಬಾರದು. ಹೊರಗಿನಿಂದಲೇ ಅಳೆಯುವುದು ಬೇಕಾದಷ್ಟಿದೆ.

ಹಂತ 4: ಎಲ್‌ಇಡಿ, ಮೀಟರ್

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಐದು ಪಿನ್ನಿನ ಡಿನ್ ಸಾಕೆಟ್ (ಮಿಡಿಗೆ ಬಳಸುವ ದುಂಡು ಸಾಕೆಟ್) 30 ರೂಪಾಯಿಗೆ ಸಿಕ್ಕಿತು. ಕೆಂಪು ಎಲ್‌ಇಡಿ, 220 ಓಮ್ ರೆಸಿಸ್ಟರ್ ಎರಡೂ ಸೇರಿ 5 ರೂಪಾಯಿ. ಸಾಕೆಟ್‌ನ 4ನೇ ಪಿನ್ನಿಂದ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿಯ ಉದ್ದ ಕಾಲು, ಗಿಡ್ಡ ಕಾಲು 5ನೇ ಪಿನ್ನಿಗೆ. ಅಷ್ಟೇ.

ಪಿನ್ ಸಂಖ್ಯೆಯ ಬಗ್ಗೆ ಜೋಪಾನ. ಅರ್ಧ ವೃತ್ತದಲ್ಲಿ ಅವು 1, 2, 3 ಅಂತ ಸಾಲಾಗಿ ಇರುವುದಿಲ್ಲ. 1, 4, 2, 5, 3 ಅಂತ ಇರುತ್ತವೆ. ನಟ್ಟ ನಡುವಿನದು 2, ಅದರ ಆಚೀಚೆ 4 ಮತ್ತು 5. ಮುಂದಿನಿಂದ ನೋಡಿದರೆ ಒಂದು ಥರ, ಬೆಸುಗೆ ಹಾಕುವ ಕಡೆಯಿಂದ ನೋಡಿದರೆ ಎಡಬಲ ತಿರುಗಿರುತ್ತದೆ. ಕಣ್ಣು ಹತ್ತಿರ ಹಿಡಿದು ನೋಡಿ, ಪ್ರತಿ ಪಿನ್ ಪಕ್ಕದ ಪ್ಲಾಸ್ಟಿಕ್ ಮೇಲೆ ಸಣ್ಣದಾಗಿ ಅಂಕಿ ಮೂಡಿಸಿರುತ್ತಾರೆ. ಅದನ್ನೇ ನಂಬಬೇಕು. ತಂತಿಯ ಬಣ್ಣವನ್ನು ನಂಬಬಾರದು, ಅದು ಕೇಬಲ್‌ನಿಂದ ಕೇಬಲ್‌ಗೆ ಬೇರೆ ಬೇರೆ.

ಒಂದು ಪ್ರೋಗ್ರಾಂ ಚೇಂಜ್ ಕಳಿಸಿದರೆ ಎಲ್‌ಇಡಿ ಹೊತ್ತಿದ್ದು ಕಣ್ಣಿಗೆ ಸಿಗುವುದಿಲ್ಲ. ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟ್‌ಗೆ 320 ಮೈಕ್ರೊಸೆಕೆಂಡ್, ಎರಡಕ್ಕೆ 640. ಹಾಗಾಗಿ ದೊಡ್ಡದೊಂದು ಫೈಲ್ ಮಾಡಿಕೊಂಡೆ: ಮೊದಲು ಎಫ್0, ಆಮೇಲೆ 7ಡಿ, ಆಮೇಲೆ 15,000 ಸೊನ್ನೆ ಬೈಟ್, ಕೊನೆಗೆ ಎಫ್7. ಇದು ಸಿಸ್ಟಮ್ ಎಕ್ಸ್‌ಕ್ಲೂಸಿವ್ ಸಂದೇಶ. 7ಡಿ ಅನ್ನುವುದು ಯಾವ ಕಂಪನಿಗೂ ಸೇರದ, ಕಲಿಕೆಗೆ ಬಿಟ್ಟಿರುವ ಗುರುತು. ಮಿಡಿಯಲ್ಲಿ ಬಿಟ್ 0 ಇದ್ದಾಗಲೇ ಕರೆಂಟ್ ಹರಿಯುವುದು. ಆದ್ದರಿಂದ ಸೊನ್ನೆ ಬೈಟ್ ಹೋಗುವಾಗ ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಎಲ್‌ಇಡಿ ಉರಿಯುತ್ತದೆ. ಈ ಫೈಲ್ ಕಳಿಸಿದರೆ ಐದು ಸೆಕೆಂಡ್ ಹತ್ತಿರ ಬೆಳಕು ಇರುತ್ತದೆ, ಮೀಟರ್ ಓದಲು ಅಷ್ಟು ಸಾಕು. ಇದನ್ನು ಆಂಪ್‌ಗೆ ಕಳಿಸಬೇಡಿ, ಪರೀಕ್ಷೆಯ ಸಾಕೆಟ್‌ಗೆ ಮಾತ್ರ.

ಎಲ್‌ಇಡಿ ಉರಿಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಮತ್ತೆ ಆಂಪ್ ಮೇಲೇ ಅನುಮಾನ ಬರುತ್ತಿತ್ತು. ಆದರೆ ಬೆಳಕು ಮಂಕಾಗಿತ್ತು. ಈಗಿನ ಎಲ್‌ಇಡಿಗಳು ಒಂದು ಮಿಲಿಆಂಪ್‌ಗೂ ಕಾಣುವಷ್ಟು ಉರಿಯುತ್ತವೆ. ಉರಿದದ್ದು ಸಾಕ್ಷಿ ಆಗುವುದಿಲ್ಲ, ಅಳತೆ ಬೇಕು.

ಗೆಳೆಯನ ಹತ್ತಿರ ಐದು ಪಿನ್ನಿನ ಮಿಡಿ ಔಟ್ ಇರುವ ಒಳ್ಳೆಯ ಆಡಿಯೊ ಇಂಟರ್‌ಫೇಸ್ ಇತ್ತು. ಅದನ್ನು ತಂದು ಒಂದರ ಪಕ್ಕ ಒಂದು ಇಟ್ಟೆ. ಮಲ್ಟಿಮೀಟರನ್ನು 20 ಮಿಲಿಆಂಪ್ ಡಿಸಿಗೆ ತಿರುಗಿಸಿ, ಕೆಂಪು ಪ್ರೋಬನ್ನು ಮಿಲಿಆಂಪ್ ತೂತಿಗೆ ಹಾಕಿ, ಎಲ್‌ಇಡಿ ಜೊತೆ ಸರಣಿಯಲ್ಲಿ ಸೇರಿಸಿದೆ.

ಗೆಳೆಯನ ಇಂಟರ್‌ಫೇಸ್: 4.4 ಮಿಲಿಆಂಪ್.
ನನ್ನ ಕೇಬಲ್: 1.2 ಮಿಲಿಆಂಪ್.

ಮಿಡಿ ಇನ್ ಒಳಗೆ ಆಪ್ಟೊಕಪ್ಲರ್ ಅನ್ನೋ ಬಿಡಿಭಾಗ ಇರುತ್ತದೆ. ಅದರೊಳಗೂ ಒಂದು ಎಲ್‌ಇಡಿ, ಎದುರಿಗೆ ಅದರ ಬೆಳಕು ನೋಡುವ ಸೆನ್ಸರ್. 1983ರಿಂದ ಇರುವ ಮಿಡಿ ಲೆಕ್ಕದಲ್ಲಿ ಅದಕ್ಕೆ 5 ಮಿಲಿಆಂಪ್ ಬರಬೇಕು. ಈ ಕೆಲಸಕ್ಕೆ ಬಹಳ ಬಳಸುವ 6ಎನ್138 ಚಿಪ್‌ನ ಡೇಟಾಶೀಟ್ ಶುರುವಾಗುವುದೇ 1.6 ಮಿಲಿಆಂಪ್‌ನಿಂದ. ನನ್ನ ಕೇಬಲ್ ಕೊಡುತ್ತಿದ್ದುದು ಆ ಗಡಿಯ ಆಚೀಚೆ. ಗೆಳೆಯನ ಕೀಬೋರ್ಡ್‌ನ ಆಪ್ಟೊಕಪ್ಲರ್‌ಗೆ ಅಷ್ಟು ಸಾಕಾಯಿತು, ನನ್ನ ಆಂಪ್‌ನದಕ್ಕೆ ಸಾಕಾಗಲಿಲ್ಲ. ಒಮ್ಮೊಮ್ಮೆ ಮಾತ್ರ ಚಾನೆಲ್ ಬದಲಾಗುತ್ತಿದ್ದುದೂ ಇದಕ್ಕೇ.

ಗೆಳೆಯನ ಇಂಟರ್‌ಫೇಸನ್ನು ಆಂಪ್‌ಗೆ ಹಾಕಿದೆ. ಕಳಿಸಿದ್ದಕ್ಕೆಲ್ಲ ಆಂಪ್ ಪಟ್ಟಂತ ಚಾನೆಲ್ ಬದಲಿಸಿತು. ಎಂಟು ಸಾವಿರ ಉಳಿಯಿತು. (ಕರೆಂಟ್ ಅಳೆದಾದ ಮೇಲೆ ಪ್ರೋಬನ್ನು ವೋಲ್ಟ್ ತೂತಿಗೆ ವಾಪಸ್ ಹಾಕಿಡಿ. ಮರೆತು ವೋಲ್ಟೇಜ್ ನೋಡಲು ಹೋದರೆ ಮೀಟರ್‌ನ ಫ್ಯೂಸ್ ಹೋಗುತ್ತದೆ.)

ಹಂತ 5: ಡಬ್ಬಿ ಬಿಚ್ಚಿದ್ದು

ಅಂಟು ಹಾಕಿದ ಡಬ್ಬಿ. ಅಂಚಿಗೆ ಚಾಕು ಒತ್ತಿ ತಿರುವಿದಾಗ ಬಿಟ್ಟುಕೊಂಡಿತು. ಒಳಗೆ ಒಂದು ಚಿಪ್, ಒಂದು ಕ್ರಿಸ್ಟಲ್, ನಾಲ್ಕಾರು ಪುಟಾಣಿ ರೆಸಿಸ್ಟರ್. ಆಪ್ಟೊಕಪ್ಲರ್ ಇಲ್ಲ. ಇನ್ ಪ್ಲಗ್‌ನ 5ನೇ ಪಿನ್ ಒಂದೇ ರೆಸಿಸ್ಟರ್ ದಾಟಿ ನೇರ ಚಿಪ್‌ಗೆ ಹೋಗಿತ್ತು, 4ನೇ ಪಿನ್‌ಗೆ ಸಂಪರ್ಕವೇ ಇರಲಿಲ್ಲ. ಲೂಪ್‌ಬ್ಯಾಕ್ ಯಾಕೆ ಪಾಸ್ ಆಯಿತು ಅಂತ ಆಗ ಅರ್ಥ ಆಯಿತು. ಆ ಇನ್‌ಗೆ ಕರೆಂಟೇ ಬೇಕಿರಲಿಲ್ಲ, ವೋಲ್ಟೇಜ್ ಏರಿಳಿದರೆ ಸಾಕಿತ್ತು.

ಔಟ್ ಕಡೆಯ 4ನೇ ಪಿನ್‌ಗೂ 2ನೇ ಪಿನ್‌ಗೂ ನಡುವೆ ಅಳೆದರೆ 3.3 ವೋಲ್ಟ್. ಗೆಳೆಯನ ಇಂಟರ್‌ಫೇಸ್‌ನಲ್ಲಿ ಅದು 5 ವೋಲ್ಟ್. 3.3 ಇರುವುದೇನೂ ತಪ್ಪಲ್ಲ. 2014ರಲ್ಲಿ ಪರಿಷ್ಕರಿಸಿದ ಮಿಡಿ ವಿದ್ಯುತ್ ನಿಯಮದಲ್ಲಿ ಅದಕ್ಕೂ ಜಾಗ ಇದೆ. 5 ವೋಲ್ಟ್‌ಗೆ 4 ಮತ್ತು 5ನೇ ಪಿನ್‌ಗಳಲ್ಲಿ ತಲಾ 220 ಓಮ್. 3.3 ವೋಲ್ಟ್‌ಗೆ 4ನೇ ಪಿನ್‌ನಲ್ಲಿ 33 ಓಮ್, 5ನೇ ಪಿನ್‌ನಲ್ಲಿ 10 ಓಮ್. ಈ ಬೋರ್ಡ್‌ನಲ್ಲಿ ಎರಡರ ಮೇಲೂ 471 ಅಂತ ಬರೆದಿತ್ತು. 47ರ ಮುಂದೆ ಒಂದು ಸೊನ್ನೆ, ಅಂದರೆ 470 ಓಮ್. ಕರೆಂಟ್ ಹೋಗಿದ್ದು ಅಲ್ಲಿ.

ಕೈಯಲ್ಲಿ ಇದ್ದದ್ದು 220, ಮೊದಲು ಅದನ್ನೇ ಹಾಕಿ ನೋಡಿದೆ. ಮೀಟರ್ 2 ಮಿಲಿಆಂಪ್‌ಗೆ ಏರಿತು. ಆಂಪ್ ಬಹುಪಾಲು ಸಲ ಕೇಳಿತು, ಆದರೂ ಅಲ್ಲೊಂದು ಇಲ್ಲೊಂದು ತಪ್ಪುತ್ತಿತ್ತು. ವೇದಿಕೆ ಮೇಲೆ ಇದು ಮೊದಲಿಗಿಂತ ಅಪಾಯ. ಆಮೇಲೆ 33 ಮತ್ತು 10 ತಂದು ಹಾಕಿದೆ.

ಹಾಕಿದ ರೀತಿ: ಬೆಸುಗೆ ಕಡ್ಡಿಗೆ ಸಣ್ಣ ತುದಿ ಹಾಕಿ, ಹಳೇ ರೆಸಿಸ್ಟರ್‌ನ ಎರಡೂ ಕಡೆ ಹೊಸ ಸೀಸ ತುಂಬಿಸಿ, ಒಂದು ಕಡೆಯಿಂದ ಇನ್ನೊಂದಕ್ಕೆ ಬೇಗ ಬೇಗ ಬಿಸಿ ಮುಟ್ಟಿಸಿದರೆ ಅದು ಜಾರಿ ಬರುತ್ತದೆ. ಎಳೆಯಬೇಡಿ, ಕೆಳಗಿನ ತಾಮ್ರವೇ ಕಿತ್ತು ಬರುತ್ತದೆ. ಹೊಸದಕ್ಕೆ ಕಾಲು ವ್ಯಾಟ್‌ನ ಮಾಮೂಲಿ ರೆಸಿಸ್ಟರನ್ನೇ ಕಾಲು ಗಿಡ್ಡ ಮಾಡಿ ನಿಲ್ಲಿಸಿದೆ. ಯಾವುದು 4ನೇ ಪಿನ್‌ನದು ಅನ್ನೋದನ್ನು ಪ್ಲಗ್‌ನಿಂದ ಬೋರ್ಡ್‌ವರೆಗೆ ಮೀಟರ್‌ನ ಬೀಪ್ (ಎರಡು ತುದಿ ಕೂಡಿದ್ದರೆ ಸದ್ದು ಮಾಡುವ ಪರೀಕ್ಷೆ) ಹಿಡಿದು ಮೊದಲೇ ಗುರುತು ಹಾಕಿಕೊಂಡಿದ್ದೆ. ಕೆಲಸ ಮುಗಿದ ಮೇಲೆ ಹೀಟ್ ಶ್ರಿಂಕ್ ಕೊಳವೆ ತೊಡಿಸಿದೆ.

ಈಗ ಮೀಟರ್ 4.3 ಮಿಲಿಆಂಪ್ ತೋರಿಸುತ್ತದೆ. ಆಂಪ್ ಒಂದನ್ನೂ ತಪ್ಪಿಸುತ್ತಿಲ್ಲ.

ಬೆಸುಗೆ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕುವುದಕ್ಕಿಂತ ಒಳ್ಳೆಯ ಇಂಟರ್‌ಫೇಸ್ ಕೊಳ್ಳುವುದೇ ಸರಿ. ಇನ್ ಕಡೆಗೆ ಆಪ್ಟೊಕಪ್ಲರ್ ಇಲ್ಲದ ಈ ಕೇಬಲ್ಲನ್ನು ನಾನು ಔಟ್‌ಗೆ ಮಾತ್ರ ಬಳಸುತ್ತೇನೆ, ಇನ್ ಪ್ಲಗ್‌ಗೆ ಟೇಪ್ ಸುತ್ತಿಟ್ಟಿದ್ದೇನೆ.

ಹಂತ 6: ಬದಲಾಯಿತು, ಆದರೆ ಬೇರೆ ಚಾನೆಲ್‌ಗೆ

ಇದು ಬೇಗ ಮುಗಿಯಿತು. ತಂತಿಯ ಮೇಲೆ ಪ್ರೋಗ್ರಾಂ ಸಂಖ್ಯೆ 0ಯಿಂದ 127. ಆಂಪ್‌ನ ಕೈಪಿಡಿಯಲ್ಲಿ 1ರಿಂದ 128. ನಾನು 3 ಕಳಿಸಿದರೆ ಆಂಪ್‌ಗೆ ಅದು 4. ಮಿಡಿ ಚಾನೆಲ್‌ಗೂ ಇದೇ ಕಥೆ, ಎ-ಸೆಕ್-ಡಂಪ್‌ನಲ್ಲಿ 0 ಅಂತ ಕಂಡರೆ ಅದು ಚಾನೆಲ್ 1. ಆಂಪ್‌ನಲ್ಲಿ ಕ್ಲೀನ್ 1, ಕ್ರಂಚ್ 2, ಲೀಡ್ 3 ಅಂತ ಉಳಿಸಿ, ಕಂಪ್ಯೂಟರ್‌ನಿಂದ 0, 1, 2 ಕಳಿಸುತ್ತಿದ್ದೇನೆ.

ಹಂತ 3ರ ಲೂಪ್‌ಬ್ಯಾಕ್ ಇಲ್ಲಿ ನಿಜವಾಗಿ ಉಪಯೋಗಕ್ಕೆ ಬಂತು. ಕರೆಂಟ್ ಎಷ್ಟಿದೆ ಅಂತ ಅದು ಹೇಳುವುದಿಲ್ಲ, ಆದರೆ ರೀಪರ್ ಏನು ಕಳಿಸುತ್ತಿದೆ ಅನ್ನೋದನ್ನು ಸರಿಯಾಗಿ ಹೇಳುತ್ತದೆ. ಪ್ರೋಗ್ರಾಂ ಚೇಂಜ್‌ಗೆ ಮೊದಲು ರೀಪರ್ ಬ್ಯಾಂಕ್ ಆರಿಸುವ ಎರಡು ಸಂದೇಶಗಳನ್ನೂ ಕಳಿಸುವುದು ಅಲ್ಲೇ ಕಂಡಿತು. ನನ್ನ ಆಂಪ್ ಅವನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಹಾಗೇ ಬಿಟ್ಟಿದ್ದೇನೆ.

ಹಂತ 7: ಗುಂಯ್‌ಗುಡುವ ಸದ್ದು

ಎಲ್ಲ ಸರಿ ಹೋಯಿತು ಅನ್ನುವಾಗ ಲೀಡ್ ಚಾನೆಲ್‌ನಲ್ಲಿ ಹಮ್ ಶುರುವಾಯಿತು. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತರೆ ಹೋಗುತ್ತಿತ್ತು, ಮಿಡಿ ಪ್ಲಗ್ ಕಿತ್ತರೂ ಹೋಗುತ್ತಿತ್ತು. ಆಂಪ್ ಒಳಗೆ ಆಪ್ಟೊಕಪ್ಲರ್ ಇರುವುದೇ ಎರಡು ಕಡೆಯ ಅರ್ತ್ ಒಂದಕ್ಕೊಂದು ಮುಟ್ಟದಿರಲಿ ಅಂತ. ಮಿಡಿ ಇನ್‌ನಲ್ಲಿ 2ನೇ ಪಿನ್‌ಗೆ ಸಂಪರ್ಕ ಕೊಡದಿರುವುದೂ ಅದಕ್ಕೇ. ಹಾಗಾದರೆ ಎಲ್ಲಿ ಮುಟ್ಟುತ್ತಿದೆ?

ಮೀಟರ್‌ನ ಒಂದು ಪ್ರೋಬನ್ನು ಯುಎಸ್‌ಬಿ ಪ್ಲಗ್‌ನ ಲೋಹಕ್ಕೆ, ಇನ್ನೊಂದನ್ನು ಡಿನ್ ಪ್ಲಗ್‌ನ ಸುತ್ತಲಿನ ಲೋಹದ ಬಳೆಗೆ ಇಟ್ಟೆ. ಬೀಪ್ ಬಂತು. ಆ ಬಳೆ ಆಂಪ್‌ನ ಸಾಕೆಟ್ ಮೂಲಕ ಷಾಸಿಗೆ (ಆಂಪ್‌ನ ಲೋಹದ ಚೌಕಟ್ಟಿಗೆ) ತಾಗುತ್ತಿತ್ತು. ಲ್ಯಾಪ್‌ಟಾಪ್‌ನ ಅರ್ತ್, ಆಂಪ್‌ನ ಅರ್ತ್ ಎರಡೂ ಸೇರಿ ಒಂದು ಸುತ್ತು ಆಗಿತ್ತು.

ಔಟ್ ಪ್ಲಗ್ ಕತ್ತರಿಸಿ ಬೇರೆ ಡಿನ್ ಪ್ಲಗ್ ಹಾಕಿದೆ, 35 ರೂಪಾಯಿ. 4, 5, 2 ಈ ಮೂರಕ್ಕೆ ಮಾತ್ರ ಬೆಸುಗೆ. ಹೊರಗಿನ ಬಳೆಗೆ ಯಾವ ತಂತಿಯೂ ಇಲ್ಲ. ಹಮ್ ನಿಂತಿತು.

ಕೆಲವರು ಇಂಥ ಹಮ್‌ಗೆ ಆಂಪ್‌ನ ಮೂರು ಪಿನ್ ಪ್ಲಗ್‌ನಲ್ಲಿ ಅರ್ತ್ ಪಿನ್ ತೆಗೆಯುತ್ತಾರೆ. ದಯವಿಟ್ಟು ಮಾಡಬೇಡಿ. ಒಳಗೆ ಏನಾದರೂ ಷಾಸಿಗೆ ತಾಗಿದರೆ ಆ ವೋಲ್ಟೇಜ್ ಗಿಟಾರ್ ತಂತಿಯ ಮೂಲಕ ನಿಮ್ಮ ಕೈಗೆ ಬರುತ್ತದೆ. ಎದುರಿಗಿನ ಮೈಕ್‌ಗೆ ತುಟಿ ತಾಗಿದರೆ ಜೀವಕ್ಕೇ ಅಪಾಯ.

ಈಗಿನ ಸ್ಥಿತಿ

ಪ್ರೋಗ್ರಾಂ ಚೇಂಜ್ ಹೋಗುವುದು ಕ್ಷಣಮಾತ್ರದಲ್ಲಾದರೂ ಆಂಪ್‌ನ ರಿಲೇ ತಿರುಗಲು ಸ್ವಲ್ಪ ಹೊತ್ತು ಬೇಕು. ಮೊದಲ ಸ್ವರದ ಮೊನೆ ಕತ್ತರಿಸುತ್ತಿತ್ತು. ಪ್ರತಿ ಬದಲಾವಣೆಯನ್ನೂ 20 ಮಿಲಿಸೆಕೆಂಡ್ ಮೊದಲೇ ಹೋಗುವಂತೆ ಸರಿಸಿದೆ, ಸರಿಹೋಯಿತು. ಅಭ್ಯಾಸದಲ್ಲಿ ಹಾಡನ್ನು ಮಧ್ಯದಿಂದ ಶುರು ಮಾಡಿದಾಗ ಆಂಪ್ ಹಿಂದಿನ ಚಾನೆಲ್‌ನಲ್ಲೇ ಉಳಿಯುತ್ತಿತ್ತು. ಅದಕ್ಕೆ ಪಲ್ಲವಿ, ಚರಣ, ಲೀಡ್ ಎಲ್ಲದರ ಶುರುವಿಗೂ ಒಂದೊಂದು ಪ್ರೋಗ್ರಾಂ ಚೇಂಜ್ ಇಟ್ಟಿದ್ದೇನೆ, ಚಾನೆಲ್ ಬದಲಾಗಲಿ ಬಿಡಲಿ.

ಮುಂದೆ ಆಂಪ್‌ನ ಥ್ರೂನಿಂದ ಡಿಲೇ ಪೆಡಲ್‌ಗೆ ಮಿಡಿ ಕೊಡಬೇಕು. ಪೆಡಲ್‌ನಲ್ಲಿ ಇರುವುದು 3.5 ಮಿಲಿಮೀಟರ್‌ನ ಸಣ್ಣ ಜ್ಯಾಕ್. ಆ ಅಡಾಪ್ಟರ್‌ಗಳಲ್ಲಿ ಎ, ಬಿ ಅಂತ ಎರಡು ಬಗೆ. ಎ ಬಗೆಯಲ್ಲಿ ತುದಿ 5ನೇ ಪಿನ್‌ಗೆ, ನಡುವಿನ ಬಳೆ 4ಕ್ಕೆ. ಬಿ ಬಗೆಯಲ್ಲಿ ಅದಲು ಬದಲು. 2018ರಿಂದ ಎ ಬಗೆಯೇ ಅಧಿಕೃತ, ಆದರೆ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಎಲ್‌ಇಡಿ ಸಾಕೆಟ್ಟೂ ಮೀಟರೂ ಜೊತೆಗೆ ತಗೊಂಡು ಹೋಗಿ, ಅಂಗಡಿಯಲ್ಲೇ ಯಾವ ಪಿನ್ ಎಲ್ಲಿಗೆ ಹೋಗಿದೆ ಅಂತ ಬೀಪ್ ಹಿಡಿದು ನೋಡಿಯೇ ತರುತ್ತೇನೆ.